ಹುಟ್ಟಿದಾಗ ಅಳದ ಮಗು: ಕಾದು ನೋಡುವುದು ಬೇಡ

ಪ್ರಶ್ನೆ: ನನ್ನ ಮಗನಿಗೆ ಈಗ ಮೂರು ತಿಂಗಳು. ಹೆರಿಗೆ ನೋವು ಬಹಳ ಹೊತ್ತು ಎಳೆದಿತ್ತು. ಹುಟ್ಟಿದಾಗ ಅವನು ಅಳಲಿಲ್ಲ. ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಮರುದಿನ ಫಿಟ್ಸ್ ಬಂದು ಐಸಿಯುನಲ್ಲಿ ಇಟ್ಟುಕೊಂಡರು. ಡಿಸ್ಚಾರ್ಜ್ ಚೀಟಿಯಲ್ಲಿ ‘ಎಚ್‌ಐಇ, ಎರಡನೆಯ ಹಂತ’ ಎಂದಿದೆ. ನಾನು ಸರಿಯಾಗಿ ಮುಕ್ಕಲಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಮೈ ತಂಪು ಮಾಡುವ ಚಿಕಿತ್ಸೆ ಸಿಕ್ಕಿದ್ದರೆ ಸರಿಹೋಗುತ್ತಿತ್ತೆ? ಅವನು ನಡೆಯುತ್ತಾನೆಯೆ? ಮುಂದಿನ ಮಗುವಿಗೂ ಹೀಗಾಗುವುದೆ?
– ಹೆಸರು, ಊರು ಬೇಡ

ಉತ್ತರ: ಮೊದಲು ಮನೆಯವರ ಮಾತಿಗೆ ಉತ್ತರಿಸುತ್ತೇನೆ, ಈ ಪುಟವನ್ನು ಅವರಿಗೂ ಓದಲು ಕೊಡಿ. ನಿಮ್ಮ ಪ್ರಯತ್ನ ಸಾಲದೆ ಆದದ್ದು ಇದಲ್ಲ. ಹೊಕ್ಕುಳಬಳ್ಳಿ ಒತ್ತಿಹೋಗುವುದು, ಮಾಸು ಮೊದಲೇ ಕಳಚುವುದು, ಮಗು ದಾರಿಯಲ್ಲಿ ಸಿಲುಕುವುದು, ಇವು ಯಾವುವೂ ತಾಯಿಯ ಕೈಯಲ್ಲಿ ಇರುವುದಿಲ್ಲ. ತಾಯಿ ಬಳಲಿದಾಗ ಹೆರಿಗೆಯನ್ನು ಬೇರೆ ವಿಧದಲ್ಲಿ ಮುಗಿಸುವ ಹೊಣೆ ನೋಡಿಕೊಳ್ಳುತ್ತಿರುವ ವೈದ್ಯರದು.

ಚೀಟಿಯಲ್ಲಿರುವ ‘ಎಚ್‌ಐಇ’ ಎಂದರೆ ರಕ್ತವೂ ಆಮ್ಲಜನಕವೂ ಸಾಲದೆ ಮಿದುಳಿಗೆ ಆಗುವ ಪೆಟ್ಟು. ಹಾಗಾದಾಗ ಕೆಲವು ಜೀವಕೋಶಗಳು ಆಗಲೇ ಸಾಯುತ್ತವೆ. ಉಳಿದವು ಉಸಿರು ಮರಳಿದ ಮೇಲೆ ಚೇತರಿಸಿಕೊಂಡಂತೆ ಕಂಡರೂ, ಸುಮಾರು ಆರು ಗಂಟೆಗಳ ಬಳಿಕ ಎರಡನೆಯ ಬಾರಿ ಕುಸಿಯತೊಡಗುತ್ತವೆ. ಮಗುವಿಗೆ ಹುಟ್ಟಿದ ಕೂಡಲೇ ಅಲ್ಲದೆ ಕೆಲವು ಗಂಟೆಗಳ ನಂತರ ಫಿಟ್ಸ್ ಬರುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಈ ನಡುವಿನ ಅವಧಿಯನ್ನು ಬಳಸಿಕೊಂಡು, ಆರು ಗಂಟೆಯೊಳಗೆ ಶುರುಮಾಡಿ, ಮೈಯ ಉಷ್ಣತೆಯನ್ನು 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 72 ಗಂಟೆ ಇರಿಸುವುದೇ ನೀವು ಕೇಳಿರುವ ಚಿಕಿತ್ಸೆ. ಶ್ರೀಮಂತ ದೇಶಗಳ ಅಧ್ಯಯನಗಳಲ್ಲಿ ಇದರಿಂದ ಸಾವೂ ಅಂಗವೈಕಲ್ಯವೂ ಕಡಿಮೆಯಾದವು. ಆದರೆ ಬೆಂಗಳೂರೂ ಸೇರಿದಂತೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಹೆಲಿಕ್ಸ್’ ಅಧ್ಯಯನದಲ್ಲಿ, ತಂಪು ಮಾಡಿದ ಶಿಶುಗಳಲ್ಲಿ ಶೇ 42ರಷ್ಟು, ಮಾಡದವುಗಳಲ್ಲಿ ಶೇ 31ರಷ್ಟು ತೀರಿಕೊಂಡವು. ನಮ್ಮಲ್ಲಿ ಯಾವ ಮಗುವಿಗೆ ಈ ಚಿಕಿತ್ಸೆ ಕೊಡಬೇಕೆಂಬ ಚರ್ಚೆ ವೈದ್ಯರ ನಡುವೆ ಇನ್ನೂ ಮುಗಿದಿಲ್ಲ. ಆದ್ದರಿಂದ ಅದು ಸಿಗಲಿಲ್ಲವೆಂಬ ಕೊರಗನ್ನು ದಯವಿಟ್ಟು ಬಿಡಿ.

ನಡೆಯುತ್ತಾನೆಯೆ ಎಂಬುದಕ್ಕೆ ಇಂದು ಖಚಿತ ಉತ್ತರ ಕೊಡುವವರನ್ನು ನಂಬಬೇಡಿ. ಎರಡನೆಯ ಹಂತವೆಂದರೆ ಮಧ್ಯಮ ತೀವ್ರತೆ. ಈ ಗುಂಪಿನ ಅನೇಕ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ, ಕೆಲವರಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಪೆಟ್ಟಿನಿಂದ ಚಲನೆಗೆ ಆಗುವ ಅಡ್ಡಿ), ಕಲಿಕೆಯ ತೊಡಕು ಅಥವಾ ಕಿವಿ, ಕಣ್ಣಿನ ತೊಂದರೆ ಉಳಿಯುತ್ತದೆ. ಎಂಆರ್‌ಐ ಮಾಡಿಸಿದ್ದರೆ ಮಿದುಳಿನ ಆಳದಲ್ಲಿರುವ ಥಾಲಮಸ್ ಮತ್ತು ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಗಳಿಗೆ ಪೆಟ್ಟಾಗಿದೆಯೆ ಎಂದು ಕೇಳಿ. ಅಲ್ಲಿ ಪೆಟ್ಟಾದಾಗ ಕೈಕಾಲಿನ ಚಲನೆಗೆ ಅಡ್ಡಿಯಾಗುವ ಸಂಭವ ಹೆಚ್ಚು.

ನನಗೆ ನಿಜಕ್ಕೂ ಕಳವಳ ತರುವುದು ‘ಗಂಡುಮಕ್ಕಳು ನಿಧಾನ, ವರ್ಷ ತುಂಬಲಿ ನೋಡೋಣ’ ಎಂಬ ಮಾತು. ಮಿದುಳು ಅತಿ ವೇಗವಾಗಿ ಬೆಳೆಯುವುದೇ ಮೊದಲ ಎರಡು ವರ್ಷಗಳಲ್ಲಿ. ಥೆರಪಿ ತೊಂದರೆ ಪೂರ್ತಿ ಕಾಣಿಸಿಕೊಂಡ ಮೇಲೆ ಅಲ್ಲ, ಅನುಮಾನ ಬಂದಾಗಲೇ ಶುರುವಾಗಬೇಕು. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹೆಬ್ಬೆರಳು ಒಳಗಿಟ್ಟು ಮುಷ್ಟಿ ಸದಾ ಬಿಗಿದಿದ್ದರೆ, ಒಂದೇ ಕೈ ಆಡಿಸುತ್ತಿದ್ದರೆ, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಸೇರಿಕೊಳ್ಳುತ್ತಿದ್ದರೆ ಅಥವಾ ನಿಮ್ಮ ಮುಖ ನೋಡಿ ನಗದಿದ್ದರೆ, ಮುಂದಿನ ಲಸಿಕೆಯವರೆಗೂ ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇರುವ ಶೀಘ್ರ ಹಸ್ತಕ್ಷೇಪ ಕೇಂದ್ರದಲ್ಲಿ ತಪಾಸಣೆಯೂ ಥೆರಪಿಯೂ ಉಚಿತ. ಈ ಯಾವ ಲಕ್ಷಣವೂ ಇಲ್ಲದಿದ್ದರೂ ಒಮ್ಮೆ ಹೋಗಿ ನೋಂದಾಯಿಸಿ, ತಲೆಯ ಸುತ್ತಳತೆಯನ್ನು ಪ್ರತಿ ಭೇಟಿಯಲ್ಲೂ ಬರೆಸಿ, ಶ್ರವಣ ಪರೀಕ್ಷೆ ಆಗಿಲ್ಲದಿದ್ದರೆ ಕೂಡಲೇ ಮಾಡಿಸಿ.

ಅಜ್ಜಿಯ ಎಣ್ಣೆ ನೀವುವಿಕೆಯನ್ನು ನಿಲ್ಲಿಸಬೇಕಿಲ್ಲ. ಆದರೆ ಬಿಗಿಯಾದ ಕೈಕಾಲನ್ನು ಎಳೆಯಬಾರದು, ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು. ಫಿಟ್ಸ್ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮುಂದಿನ ಮಗುವಿನ ವಿಷಯ: ಇದು ಸಾಮಾನ್ಯವಾಗಿ ಮರುಕಳಿಸುವ ತೊಂದರೆಯಲ್ಲ, ಆದರೂ ಕಾರಣ ಏನಿತ್ತೆಂಬುದರ ಮೇಲೆ ಉತ್ತರ ನಿಂತಿದೆ. ಹೆರಿಗೆಯ ದಾಖಲೆಗಳ ಪ್ರತಿಯನ್ನು ಈಗಲೇ ಕೇಳಿ ಇಟ್ಟುಕೊಳ್ಳಿ, ಗರ್ಭ ನಿಂತ ಕೂಡಲೇ ತಜ್ಞರಿಗೆ ತೋರಿಸಿ, ಸಿಸೇರಿಯನ್ ಸೌಲಭ್ಯವೂ ನವಜಾತ ಶಿಶು ಘಟಕವೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲಿ ಹೆರಿಗೆ ಆಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಿ.