ಹುರಿದ ಸ್ಟ್ರೈಪ್ಡ್ ಬಾಸ್ ಮೀನು ಕಟುವಾಗಿ ನಾರುವುದಕ್ಕೆ ಕಾರಣ, ಪರಿಹಾರ
ಅಮೆರಿಕದ ಟೆಕ್ಸೋಮಾ ಸರೋವರದಲ್ಲಿ ನೀವು ಹಿಡಿದ ಸ್ಟ್ರೈಪ್ಡ್ ಬಾಸ್ ಹುರಿದಾಗ ಕಟುವಾಗಿ ನಾರಿದ್ದಕ್ಕೆ, ನೀವು ಶಂಕಿಸಿರುವ ಎಣ್ಣೆಗಿಂತ, ಚರ್ಮದಡಿ ಮೈಯುದ್ದಕ್ಕೂ ಹರಡಿರುವ ಕಡುಗೆಂಪು ಮಾಂಸವೇ ಬಹುಮಟ್ಟಿಗೆ ಕಾರಣ. ಬೇಸಿಗೆಯ ಬಿಸಿಲಿನಲ್ಲಿ ಮಂಜುಗಡ್ಡೆಯಿಲ್ಲದೆ ಇಟ್ಟಿದ್ದರೆ ಅದೂ ಸೇರಿರಬಹುದು. ಮುಂದಿನ ಸಲ ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು, ನೀರು ಬೆರೆಸಿದ ಪುಡಿ ಮಂಜುಗಡ್ಡೆಯಲ್ಲಿ ಮೀನನ್ನು ಪೂರ್ತಿ ಮುಳುಗಿಸಿಡಿ. ಮನೆಯಲ್ಲಿ ಮುಳ್ಳು, ಚರ್ಮ ಬಿಡಿಸಿದ ಮೇಲೆ, ಚರ್ಮವಿದ್ದ ಬದಿಯನ್ನು ಮೇಲಕ್ಕೆ ಮಾಡಿ, ತೆಳುವಾದ ಚೂರಿಯನ್ನು ಓರೆಯಾಗಿ ಹಿಡಿದು, ನಡುಗೆರೆಯ ಎರಡೂ ಕಡೆಯಿಂದ ಆ ಕೆಂಪು ಪಟ್ಟಿಯನ್ನು ಹೆರೆದು ತೆಗೆಯಿರಿ. ಜೊತೆಗೆ ಸ್ವಲ್ಪ ಬಿಳಿ ಮಾಂಸ ಹೋದರೂ ಚಿಂತೆಯಿಲ್ಲ, ಕೆಂಪು ಮಾತ್ರ ಉಳಿಯಬಾರದು. ಬಳಿಕ ಉಪ್ಪು, ಅರಿಶಿನ, ಖಾರದಪುಡಿ, ನಿಂಬೆರಸ ಸವರಿ, ಕಾಲು ಗಂಟೆ ಬಿಟ್ಟು ರವೆಯಲ್ಲಿ ಹೊರಳಿಸಿ ಹುರಿಯಿರಿ. ಒಳಗೂ ಬೆಳ್ಳಗಾಗಿ ಪದರು ಪದರಾಗಿ ಬಿಟ್ಟಾಗ ಇಳಿಸಿ.