ತುಂಬಾಗ: ಒಳಗಿನ ಚಿನ್ನವನ್ನೇ ಮೇಲಕ್ಕೆ ತಂದವರು

ಪ್ರಶ್ನೆ: ನಾನು ಚಿನ್ನ ಬೆಳ್ಳಿ ಕೆಲಸ ಮಾಡುವವನು. ಪ್ರಾಚೀನ ಕೊಲಂಬಿಯಾದ ‘ತುಂಬಾಗ’ ಒಡವೆಗಳಲ್ಲಿ ಚಿನ್ನಕ್ಕಿಂತ ತಾಮ್ರವೇ ಹೆಚ್ಚಿರುವುದುಂಟು ಎಂದು ಓದಿದೆ. ಹಾಗಿದ್ದೂ ಅವು ಅಪ್ಪಟ ಚಿನ್ನದಂತೆ ಕಾಣುವುದು ಹೇಗೆ? ಮೇಲೆ ಚಿನ್ನದ ಮುಲಾಮು (ಲೇಪ) ಹಾಕಿದ್ದರೇ? ಅದನ್ನು ಪತ್ತೆ ಮಾಡುವುದು ಹೇಗೆ?

ಉತ್ತರ: ಮುಲಾಮಿನಲ್ಲಿ ಚಿನ್ನವನ್ನು ಹೊರಗಿನಿಂದ ತಂದು ಹಚ್ಚುತ್ತೇವೆ, ತುಂಬಾಗದ ಕುಶಲಕರ್ಮಿಗಳು ಮೇಲ್ಮೈಯಿಂದ ತಾಮ್ರವನ್ನು ತೆಗೆದುಹಾಕುತ್ತಿದ್ದರು. ಚಿನ್ನ ಮತ್ತು ತಾಮ್ರ ಬೆರೆಸಿದ ಲೋಹದಿಂದ ಮೇಣದ ಮಾದರಿಯಿಂದ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ದ ಒಡವೆಯನ್ನು ಬೆಂಕಿಯಲ್ಲಿ ಕಾಯಿಸಿದಾಗ ಮೇಲ್ಪದರದ ತಾಮ್ರ ಗಾಳಿಯೊಡನೆ ಸೇರಿ ಕಪ್ಪು ಕಿಟ್ಟವಾಗುತ್ತದೆ, ಚಿನ್ನ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಕಿಟ್ಟವನ್ನು ಹುಳಿಯಾದ ಸಸ್ಯರಸದಲ್ಲಿ ತೊಳೆದು, ಮತ್ತೆ ಕಾಯಿಸಿ, ಮತ್ತೆ ತೊಳೆಯುತ್ತ ಹೋದಂತೆ ಮೇಲ್ಮೈಯಲ್ಲಿ ಚಿನ್ನದ ಪಾಲು ಏರುತ್ತದೆ. ಕೊನೆಗೆ ನಯವಾದ ಕಲ್ಲಿನಿಂದ ಉಜ್ಜಿದರೆ ಸ್ಪಂಜಿನಂತಿದ್ದ ಪದರ ಒತ್ತಿಕೊಂಡು ಹೊಳಪು ಬರುತ್ತದೆ. ತಾಮ್ರ ಬೆರೆಸಿದ್ದರಿಂದ ಇನ್ನೊಂದು ಅನುಕೂಲವೂ ಇತ್ತು: ಚಿನ್ನ 1064, ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ನೂರಕ್ಕೆ 80 ಭಾಗ ಚಿನ್ನವಿರುವ ಮಿಶ್ರಣ ಸುಮಾರು 910 ಡಿಗ್ರಿಯಲ್ಲೇ ಕರಗುತ್ತದೆ.

ಇಂಥ ಒಡವೆಯನ್ನು ಒರೆಗಲ್ಲಿಗೆ ಮೆಲ್ಲಗೆ ಉಜ್ಜಿದರೆ ಬೀಳುವುದು ಆ ಮೇಲ್ಪದರದ ಗೆರೆ ಮಾತ್ರ ಎಂಬುದು ತಮಗೆ ಕೂಡಲೇ ಹೊಳೆಯುತ್ತದೆ. ಒಡವೆಗೆ ಗಾಯ ಮಾಡದೆ ಅಳೆಯುವ ಎಕ್ಸ್-ರೇ ಯಂತ್ರವೂ ಹೀಗೆಯೇ ಮೋಸಹೋಗುತ್ತದೆ, ಏಕೆಂದರೆ ಅದರ ನೋಟ ಮೇಲ್ಮೈಯಿಂದ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಮುರಿದ ತುಣುಕಿನಿಂದ ಒಂದು ಚೂರನ್ನು ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಸೀಳನ್ನು ನುಣುಪು ಮಾಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಳಗಿನಿಂದ ಅಂಚಿನ ಕಡೆಗೆ ಚಿನ್ನ ಕ್ರಮೇಣ ಹೆಚ್ಚುತ್ತ, ನಡುವೆ ಸಣ್ಣ ರಂಧ್ರಗಳಿದ್ದರೆ ಅದು ತಾಮ್ರ ತೆಗೆದದ್ದರ ಗುರುತು. ತಗಡು ಹೊದಿಸಿದ್ದರೆ ಎರಡು ಲೋಹಗಳ ನಡುವೆ ಸ್ಪಷ್ಟ ಗಡಿ ಕಾಣುತ್ತದೆ, ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಹಚ್ಚಿದ ಮುಲಾಮಾಗಿದ್ದರೆ ಪಾದರಸದ ಅಂಶವೇ ಸಿಕ್ಕಿಬೀಳುತ್ತದೆ.

ಹೊರಗಿನಿಂದ ಚಿನ್ನ ಹಚ್ಚುವುದೂ ದಕ್ಷಿಣ ಅಮೆರಿಕ ಖಂಡದಲ್ಲಿ ಗೊತ್ತಿತ್ತು. ಉತ್ತರ ಪೆರುವಿನ ಪ್ರಾಚೀನ ಮೋಚೆ ಜನರ ತಾಮ್ರದ ತಗಡುಗಳ ಮೇಲೆ, ಅಂಚುಗಳೂ ಬಿಡದಂತೆ, ಸುಮಾರು ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಚಿನ್ನ ಸಮನಾಗಿ ಕೂತಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕಿ ಹೆದರ್ ಲೆಕ್ಟ್‌ಮನ್ ಉಪ್ಪುಗಳ ದ್ರಾವಣದಲ್ಲಿ ಚಿನ್ನ ಕರಗಿಸಿ, ತಾಮ್ರವನ್ನು ಅದ್ದಿ, ವಿದ್ಯುತ್ತಿಲ್ಲದೆ ಅಂಥದೇ ಪದರವನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು.

ತಾಮ್ರ ಬೆರೆಸಿದ್ದನ್ನು ಕಲಬೆರಕೆ ಎಂದು ಕರೆಯುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕೊಲಂಬಿಯಾದ ಮುಯಿಸ್ಕ ಜನರು ದೇವರಿಗೆ ಅರ್ಪಿಸುತ್ತಿದ್ದ ಪುಟ್ಟ ಬೊಂಬೆಗಳನ್ನು ಅನೇಕ ವೇಳೆ ಎರಕದಿಂದ ಬಂದ ಒರಟಿನಲ್ಲೇ, ಉಜ್ಜದೆ, ಹೊಳಪು ಕೊಡದೆ ಅರ್ಪಿಸಿದ್ದಾರೆ. ಕೊಳ್ಳುವವರನ್ನು ಮರುಳು ಮಾಡಲು ತಾಮ್ರ ಬೆರೆಸಿದವರ ಕೆಲಸ ಹಾಗಿರುವುದಿಲ್ಲ.