ರಿಂಗ್ ಮಾಡಿದ ಕೂಡಲೇ ನೆಟ್‌ವರ್ಕ್ ಯಾಕೆ ನಿಂತಿತು?

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮೂರು ಕಟ್ಟಡ, ಐದು ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಟ್ಟು ಜೋಡಿಸುವ ಪೆಟ್ಟಿಗೆ). ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಕೇಬಲ್ ಎಳೆದಿದ್ದೇವೆ. ನಡುವೆ ಎಲ್ಲಾದರೂ ಕೇಬಲ್ ಹಾಳಾದರೆ ಆಚೆಯವರಿಗೆಲ್ಲ ಇಂಟರ್ನೆಟ್ ಬಂದ್. ಅದಕ್ಕೇ ಕೊನೆಯ ಸ್ವಿಚ್ಚಿನಿಂದ ಮೊದಲನೆಯದಕ್ಕೆ ಇನ್ನೊಂದು ಕೇಬಲ್ ಹಾಕಿ ರಿಂಗ್ ಮಾಡಿದೆವು. ಸ್ವಲ್ಪ ಹೊತ್ತಿಗೇ ಇಡೀ ಶಾಲೆಯ ನೆಟ್‌ವರ್ಕ್ ನಿಂತಿತು. ಕೇಬಲ್ ಕಿತ್ತ ಮೇಲೆ ಸರಿಹೋಯಿತು. ರಿಂಗ್ ಮಾಡಬಾರದೇ?
– ಕಂಪ್ಯೂಟರ್ ಶಿಕ್ಷಕರು, ಹಾಸನ

ಉತ್ತರ: ಮಾಡಬಹುದು. ಆದರೆ ನಿಮ್ಮ ಸ್ವಿಚ್‌ಗಳಿಗೆ ರಿಂಗ್ ಸಂಭಾಳಿಸುವುದು ಗೊತ್ತಿರಲಿಲ್ಲ, ಅಷ್ಟೇ.

ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಆನ್ ಮಾಡಿದರೆ ಅದು ಮೊದಲು ‘ನನಗೆ ಐಪಿ ವಿಳಾಸ ಕೊಡುವವರು ಯಾರು?’ ಎಂದು ಎಲ್ಲರನ್ನೂ ಕೇಳುತ್ತದೆ. ಇದು ಬ್ರಾಡ್‌ಕಾಸ್ಟ್. ಸ್ವಿಚ್ ಇದನ್ನು ಬಂದ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಒಂದನ್ನು ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ಸಾಲಿನಲ್ಲಾದರೆ ಕೊನೆಯ ಸ್ವಿಚ್ ಮುಟ್ಟಿ ಮುಗಿಯುತ್ತದೆ. ರಿಂಗ್‌ನಲ್ಲಿ ಮುಗಿಯುವುದೇ ಇಲ್ಲ. ಎರಡೂ ದಿಕ್ಕಿನಲ್ಲಿ ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಕಂಪ್ಯೂಟರ್‌ಗೂ ಒಂದು ಪ್ರತಿ ಹೋಗುತ್ತದೆ. ಇಂಟರ್ನೆಟ್‌ನಲ್ಲಿ ಓಡಾಡುವ ಐಪಿ ಪ್ಯಾಕೆಟ್ ಆದರೆ ಇಷ್ಟು ರೂಟರ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ) ದಾಟಿದ ಮೇಲೆ ಸಾಯಬೇಕು ಎಂಬ ಎಣಿಕೆಯನ್ನು ಜೊತೆಗೇ ಹೊತ್ತಿರುತ್ತದೆ. ಸ್ವಿಚ್‌ಗಳು ಸಾಗಿಸುವ ಹೊರಗಿನ ಲಕೋಟೆಗೆ, ಅಂದರೆ ಈಥರ್ನೆಟ್ ಫ್ರೇಮ್‌ಗೆ, ಅಂಥ ಎಣಿಕೆಯಿಲ್ಲ. ಹಾಗಾಗಿ ಹಳೆಯದು ಸಾಯುವುದಿಲ್ಲ, ಹೊಸದು ಸೇರುತ್ತಲೇ ಹೋಗುತ್ತದೆ. ಇದನ್ನೇ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಎನ್ನುವುದು. ಆವತ್ತು ಸ್ವಿಚ್‌ಗಳ ದೀಪಗಳೆಲ್ಲ ಒಟ್ಟೊಟ್ಟಿಗೆ ಬಡಬಡ ಮಿಟುಕುತ್ತಿದ್ದವು, ಅಲ್ವಾ?

ಇದಕ್ಕೆ ಪರಿಹಾರ 1985ರಲ್ಲೇ ಸಿಕ್ಕಿದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ಕಂಡುಹಿಡಿದರು. (ಅದರ ಮೇಲೆ ಒಂದು ಪದ್ಯವನ್ನೂ ಬರೆದರು!) ಸ್ವಿಚ್‌ಗಳು ಪರಸ್ಪರ ಮಾತಾಡಿಕೊಂಡು ಒಂದನ್ನು ‘ರೂಟ್’ ಎಂದು ಆರಿಸುತ್ತವೆ. ಸುತ್ತು ಉಂಟುಮಾಡುವ ಪೋರ್ಟನ್ನು ಮುಚ್ಚಿಡುತ್ತವೆ. ಕೇಬಲ್ ಹಾಗೇ ಇರುತ್ತದೆ, ಅದರಲ್ಲಿ ದತ್ತಾಂಶ ಮಾತ್ರ ಹರಿಯುವುದಿಲ್ಲ. ಬೇರೆ ಕಡೆ ಕೇಬಲ್ ತುಂಡಾದರೆ ಮುಚ್ಚಿದ ಪೋರ್ಟ್ ತೆರೆಯುತ್ತದೆ. ಹಳೆಯ ಆವೃತ್ತಿಯಲ್ಲಿ ಇದಕ್ಕೆ 30ರಿಂದ 50 ಸೆಕೆಂಡ್ ಬೇಕಿತ್ತು. 2001ರ ರ‍್ಯಾಪಿಡ್ ಆವೃತ್ತಿಯಲ್ಲಿ ಕೆಲವೇ ಸೆಕೆಂಡ್, ಎಷ್ಟೋ ಸಲ ಅದಕ್ಕೂ ಕಡಿಮೆ.

ಅಗ್ಗದ ಅನ್‌ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲಾಗದ) ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ನಿಮ್ಮವೂ ಅಂಥವೇ ಇರಬೇಕು. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ತಂದರೂ ಒಂದು ಕೆಲಸ ಮರೆಯಬೇಡಿ. ಪ್ರತಿ ಸ್ವಿಚ್ಚಿಗೂ ಒಂದು ಪ್ರಯಾರಿಟಿ ಸಂಖ್ಯೆ ಇರುತ್ತದೆ, ಕಡಿಮೆ ಇರುವುದೇ ರೂಟ್. ಕಾರ್ಖಾನೆಯಿಂದ ಬರುವಾಗ ಸಾಧಾರಣವಾಗಿ ಎಲ್ಲದರಲ್ಲೂ 32768 ಇರುತ್ತದೆ. ಸಂಖ್ಯೆ ಸಮವಾದರೆ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಚಿಕ್ಕದಿರುವುದು ಗೆಲ್ಲುತ್ತದೆ. ಅದು ಎಷ್ಟೋ ಸಲ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೇ ಪೆಟ್ಟಿಗೆಯೇ ಆಗಿರುತ್ತದೆ! ನಡುವಿನ ಒಳ್ಳೆಯ ಸ್ವಿಚ್ಚಿಗೆ ನೀವೇ 4096 ಎಂದು ಕೊಟ್ಟುಬಿಡಿ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ರಿಂಗ್ ಮಾಡುತ್ತಿರಲಿಲ್ಲ. ಸಾಲನ್ನೇ ಕೈಬಿಡುತ್ತಿದ್ದೆ. ಇಂಟರ್ನೆಟ್ ಬರುವ ಕಟ್ಟಡದಲ್ಲಿ ಒಂದು ಮುಖ್ಯ ಸ್ವಿಚ್ ಇಟ್ಟು, ಉಳಿದ ನಾಲ್ಕಕ್ಕೂ ಅಲ್ಲಿಂದಲೇ ನೇರ ಕೇಬಲ್ ಎಳೆಯಿರಿ. ಆಗ ಒಂದು ಕೇಬಲ್ ಹೋದರೆ ಒಂದೇ ಸ್ವಿಚ್ ಹೋಗುತ್ತದೆ. ವೇಗವೂ ಜಾಸ್ತಿ ಸಿಗುತ್ತದೆ. ಈಗ ಕೊನೆಯ ನಾಲ್ಕು ಸ್ವಿಚ್‌ಗಳ ಮಕ್ಕಳೆಲ್ಲ ಮೊದಲನೆಯದಕ್ಕೆ ಬರುವ ಒಂದೇ ಕೇಬಲ್ ಹಂಚಿಕೊಳ್ಳುತ್ತಿದ್ದಾರಲ್ಲ. ಮುಖ್ಯ ಸ್ವಿಚ್ ಕೆಟ್ಟರೆ ಎಲ್ಲರಿಗೂ ಬಂದ್ ಆಗುವುದು ನಿಜ. ಅದಕ್ಕೆ ಸೆಟ್ಟಿಂಗ್ ಮಾಡಿದ ಇನ್ನೊಂದು ಸ್ವಿಚ್ಚನ್ನು ಬೀರುವಿನಲ್ಲಿಡಿ.

ಕಟ್ಟಡದಿಂದ ಕಟ್ಟಡಕ್ಕೆ ಮಾತ್ರ ತಾಮ್ರದ ಕೇಬಲ್ ಬೇಡ, ಫೈಬರ್ ಹಾಕಿ. ತಾಮ್ರದ ಮಿತಿ 100 ಮೀಟರ್, ಅದರಲ್ಲಿ ಎರಡೂ ತುದಿಯ ಪ್ಯಾಚ್ ಕೇಬಲ್ (ಸಾಧನಕ್ಕೆ ಸಿಕ್ಕಿಸುವ ಗಿಡ್ಡ ಕೇಬಲ್) ಸೇರಿ ಲೆಕ್ಕ. ಅದಕ್ಕಿಂತ ದೊಡ್ಡ ಭಯ ಸಿಡಿಲಿನದು. ಹೊರಗೆ ಎಳೆದ ತಾಮ್ರದಲ್ಲಿ ಅದರ ಹೊಡೆತ ಹರಿದು ಎರಡೂ ಕಡೆಯ ಸ್ವಿಚ್ ಸುಡಬಹುದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ಲನ್ನೇ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಕಂಪ್ಯೂಟರ್‌ಗಳನ್ನು ಜೋಡಿಸುವ ರೀತಿಗಳು ಬಸ್, ರಿಂಗ್, ಸ್ಟಾರ್, ಮೆಶ್ ಎಂದು ಪರೀಕ್ಷೆಗೆ ಓದುತ್ತೇವೆ. ಬಸ್ ಈಗಲೂ ಎಲ್ಲಾದರೂ ಇದೆಯಾ?
– ಡಿಪ್ಲೊಮಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಫೀಸುಗಳಲ್ಲಿ ಇಲ್ಲ. ಮೊದಲು ಒಂದೇ ಉದ್ದನೆಯ ಕೇಬಲ್ಲಿಗೆ ಎಲ್ಲ ಕಂಪ್ಯೂಟರ್‌ಗಳನ್ನೂ ಸೇರಿಸುತ್ತಿದ್ದರು. ತೆಳು ಕೇಬಲ್ ಆದರೆ ಒಂದು ತುಂಡು 185 ಮೀಟರ್ ಮೀರುವಂತಿರಲಿಲ್ಲ. ಒಂದು ಕಡೆ ಬಿಚ್ಚಿದರೆ ಎಲ್ಲರದ್ದೂ ನಿಲ್ಲುತ್ತಿತ್ತು. ಆದರೆ ಕಾರುಗಳೊಳಗೆ ಬಸ್ ಇನ್ನೂ ಚೆನ್ನಾಗಿ ಬದುಕಿದೆ. ಎಂಜಿನ್, ಬ್ರೇಕ್, ಏರ್‌ಬ್ಯಾಗ್‌ಗಳ ಕಂಟ್ರೋಲರ್‌ಗಳು ಮಾತಾಡುವ ಕ್ಯಾನ್ ಬಸ್ ಅದೇ. ಬಾಷ್ ಕಂಪನಿ 1986ರಲ್ಲಿ ಅದನ್ನು ಹೊರತಂದಿತು. ಪರೀಕ್ಷೆಯಲ್ಲಿ ಈ ಉದಾಹರಣೆ ಧೈರ್ಯವಾಗಿ ಬರೆಯಿರಿ.